ಟೈಪಿಂಗ್ ಮೇಷ್ಟ್ರು ಹಾಕಿಸಿದ ಬೀಗ

ಟೈಪಿಂಗ್ ಮೇಷ್ಟ್ರ ಎರಡು ಕಿರುಬೆರಳೂ ಹೊರಕ್ಕೆ ಸೊಟ್ಟಗಾಗಿದ್ದವು. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿ ಹಾಗಾಗಿದ್ದಂತೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಆ ಬೆರಳುಗಳು ಮಾತ್ರ ಲೋಟಕ್ಕೆ ತಾಗದೆ ದೂರ ನಿಂತಿರುತ್ತಿದ್ದವು.

ನರಸಿಂಹರಾಜಪುರದ ಬಸ್ ಸ್ಟ್ಯಾಂಡ್ ಹತ್ತಿರ ಆಗ ನನ್ನದೊಂದು ಇಡ್ಲಿ ಹೋಟೆಲ್. ಗೋಡೆಯ ಆಚೆಗೆ ಅವರ ಇನ್‌ಸ್ಟಿಟ್ಯೂಟು. "ಬೆರಳು ನೋಡಬೇಡಿ, ಕಾಗದ ನೋಡಿ" ಎಂದು ಗದರುವ ಅವರ ದನಿ ನನ್ನ ಒಲೆಯ ತನಕ ಕೇಳುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಟೈಪಿಂಗ್ ಕಲಿಯಲು ಯಾರೂ ಬರಲಿಲ್ಲ. ಮೇಷ್ಟ್ರು ಅಳುತ್ತ ಕೂರುವವರಲ್ಲ. ಮೆಷಿನ್‌ಗಳನ್ನೆಲ್ಲ ತೂಕಕ್ಕೆ ಹಾಕಿ ತಾವೂ ಒಂದು ಕಂಪ್ಯೂಟರ್ ತಂದರು. ಪುಸ್ತಕ ನೋಡಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ಊರವರಿಗೆ ಅರ್ಜಿ ಟೈಪ್ ಮಾಡಿಕೊಟ್ಟು ಹೊಟ್ಟೆ ಹೊರೆದರು. ಉಳಿದ ಹೊತ್ತೆಲ್ಲ ಷೇರಿನ ಪ್ರೋಗ್ರಾಂ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಅರ್ಥವಾದದ್ದು ಇಷ್ಟು. ಶಿವಮೊಗ್ಗದ ಬಸ್ಸಿನಲ್ಲಿ ಪೇಪರ್ ಬಂದ ಕೂಡಲೇ ಅವರು ಹಿಂದಿನ ದಿನದ ಷೇರು ಬೆಲೆಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದರು. ಬೆಲೆ ಹಿಂದಿನ ಇಪ್ಪತ್ತು ದಿನದ ಸರಾಸರಿಗಿಂತ ಮೇಲೆ ಹೋದರೆ ಹಸಿರು ಚೌಕ ಬರುತ್ತದೆ, ಕೊಳ್ಳಬೇಕು. ಕೆಳಗಿಳಿದರೆ ಕೆಂಪು, ಮಾರಬೇಕು. ಚೌಕ ನೋಡಿ ಶಿವಮೊಗ್ಗದ ದಲ್ಲಾಳಿಗೆ ಫೋನ್. ನಡುವೆ ಮನುಷ್ಯನ ಆಸೆ, ಹೆದರಿಕೆ ಯಾವುದೂ ಬರಕೂಡದು ಎಂಬುದು ಅವರ ಕಟ್ಟುನಿಟ್ಟು.

ಆದರೆ ಬರುತ್ತಿತ್ತು. ಕೆಂಪು ಕಂಡರೆ ಮೇಷ್ಟ್ರು ಪ್ರೋಗ್ರಾಮಿಗೆ ಕೈ ಹಾಕಿ ಇಪ್ಪತ್ತು ದಿನವನ್ನು ಮೂವತ್ತು ಮಾಡಿಬಿಡುತ್ತಿದ್ದರು. ಕೆಂಪು ಮಾಯ. ಕೆಂಪು ಇರುವಾಗ ಮಾರದೆ ಸುಮ್ಮನಿರುವುದು ಅವರಿಂದ ಆಗದು. ನಿಯಮವನ್ನೇ ತಿದ್ದಿ, ತಿದ್ದಿದ ನಿಯಮವನ್ನು ಶ್ರದ್ಧೆಯಿಂದ ಪಾಲಿಸುವ ಮನುಷ್ಯ.

"ಎಂತ ಮೇಷ್ಟ್ರೇ, ನೀವು ಬರೆದದ್ದನ್ನ ನೀವೇ ಅಳಿಸೂದಾದ್ರೆ ಆ ಡಬ್ಬ ಎಂತಕ್ಕೆ?" ಎಂದೆ.

"ತಗೊಳ್ಳೂದು ಸುಲಭ ಅಕ್ಕಾ. ಬಿಡೂದೇ ಕಷ್ಟ."

ಮಾರನೇ ದಿನ ನನ್ನನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸಿದರು. ನಿಯಮ ತಿದ್ದಲಾಗದಂತೆ ಒಂದು ಬೀಗ ಬರೆದಿದ್ದರಂತೆ. ಅದಕ್ಕೆ ಗುಟ್ಟಿನ ನಂಬರು ನಾನು ಹಾಕಬೇಕು, ಅವರು ನೋಡಬಾರದು. ಗೋಡೆ ಕಡೆ ಮುಖ ಮಾಡಿ ನಿಂತರು, ಶಿಕ್ಷೆಗೆ ನಿಲ್ಲಿಸಿದವರ ಹಾಗೆ.

"ನಾನು ಕಾಲಿಗೆ ಬಿದ್ರೂ ನಂಬರು ಕೊಡಬೇಡಿ."

"ನಾನೇ ಎಂತಕ್ಕೆ?"

"ಊರಲ್ಲಿ ಮುಲಾಜಿಲ್ಲದವರು ನೀವೊಬ್ರೇ."

ಹೊಗಳಿಕೆ ಅಂತಲೇ ತಿಳಿದು ನಂಬರು ಒತ್ತಿದೆ.

ಎರಡು ವರ್ಷ ಬೀಗ ಕೆಲಸ ಮಾಡಿತು. ಮೇಷ್ಟ್ರು ಹಗುರಾದರು. ಭಾನುವಾರ ಮಾತ್ರ ನಾಲ್ಕು ಸಲ ಬಂದು ನಾಲ್ಕು ಸಲವೂ ಕಾಫಿ ಕುಡಿಯುತ್ತಿದ್ದರು. "ಎಂತ ಮಾರಾಯ್ರೇ, ಮನೇಲಿ ಕೂರೂಕೆ ಆಗೂದಿಲ್ವಾ?" ಎಂದರೆ, "ಮಾರ್ಕೆಟ್ ಇಲ್ಲದ ದಿನ ನಂಗೆ ಯಾರೂ ಎಂತದೂ ಹೇಳೂದಿಲ್ಲ ಅಕ್ಕಾ, ಆ ಡಬ್ಬವೂ" ಎನ್ನುತ್ತಿದ್ದರು. ನಾನು ನಕ್ಕು ಲೋಟ ತೊಳೆಯುತ್ತಿದ್ದೆ.

ಒಂದು ಬೆಳಿಗ್ಗೆ, ಗಿರಾಕಿಗಳ ಗಲಾಟೆಯ ನಡುವೆ, ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಜೀವಮಾನವೆಲ್ಲ ಅವರು ಪಾಠ ಹೇಳಿದ್ದು ಯಾವ ಟೈಪ್‌ರೈಟರಿನಲ್ಲೋ, ಅದನ್ನು ಮಾಡುವ ಕಂಪನಿಯ ಷೇರಿಗೆ ಕೆಂಪು ಬಂದಿತ್ತು.

"ನಂಬರು ಕೊಡಿ ಅಕ್ಕಾ. ಇದೊಂದು ಸಲ."

"ಆಗೂದಿಲ್ಲ."

"ಅದನ್ನೂ ಮಾರಿದ್ರೆ ನಂದು ಅಂತ ಎಂತ ಉಳೀತದೆ ಹೇಳಿ?"

"ಕಾಲಿಗೆ ಬಿದ್ರೂ ಕೊಡಬೇಡಿ ಅಂದದ್ದು ಯಾರು, ನಾನಾ? ದಾರಿ ಬಿಡಿ, ಕೈ ಸುಡ್ತದೆ."

ಇಡ್ಲಿಯ ಹಬೆಯಲ್ಲಿ ಅವರ ಮುಖ ಸರಿಯಾಗಿ ಕಾಣಲಿಲ್ಲ. ನೋಡಲು ನಾನೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಫೋನಿನ ಮಾತು ಕೇಳಿಸಿತು. "ಹೌದು, ಅಷ್ಟನ್ನೂ ಮಾರಿಬಿಡಿ" ಎಂದರು.

ಅಂದಿನಿಂದ ಅವರು ನನ್ನ ಹೋಟೆಲಿಗೆ ಬರಲಿಲ್ಲ. ತಿಂಡಿಗೆ ರಸ್ತೆ ದಾಟಿ ಬೇರೆ ಕಡೆ ಹೋದರು. ನನಗೂ ಹಟ ಬಂತು. ಅವರು ಹೇಳಿದ್ದನ್ನೇ ಮಾಡಿದ್ದೇನೆ, ತಪ್ಪೆಲ್ಲಿ? ಗೋಡೆಯಾಚೆಯಿಂದ ಕೀಬೋರ್ಡಿನ ಟಕಟಕ ನನಗೆ ಕೇಳಿಸುತ್ತಿತ್ತು. ನನ್ನ ಪಾತ್ರೆಗಳ ಸದ್ದು ಅವರಿಗೂ ಕೇಳಿಸಿರಬೇಕು. ಹೀಗೆ ಇಬ್ಬರೂ ಒಂದು ಮಳೆಗಾಲ ಕಳೆದೆವು. ದಸರೆಗೆ ಮುಂಚೆ ಅವರಿಗೆ ಎದೆನೋವು ಬಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಬಂದದ್ದು ಸುದ್ದಿ ಮಾತ್ರ.

ಕೋಣೆ ಖಾಲಿ ಮಾಡಲು ಕೊಪ್ಪದಿಂದ ಅವರ ತಂಗಿಯ ಮಗಳು ಬಂದಳು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಬೀಗದ ನಂಬರು ನನ್ನ ಹತ್ತಿರ ಇದೆ ಎಂದು ನಾನೇ ಹೋಗಿ ಹೇಳಿದೆ. ಅವಳು ಮೇಷ್ಟ್ರು ಬರೆದಿದ್ದ ಪ್ರೋಗ್ರಾಂ ತೆಗೆದು ಓದಿ ನೋಡಿದಳು.

"ನಂಬರು ಬೇಡ ಅಜ್ಜಿ. ಬೀಗ ಬರೆದದ್ದು ಮಾವನೇ ಅಲ್ದಾ? ಈ ಒಂದು ಸಾಲು ಅಳಿಸಿದ್ರೆ ಹೋಯ್ತು. ಎರಡು ನಿಮಿಷದ ಕೆಲಸ."

"ಅವರಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ? ಬೇಕಾದಾಗ ತೆಗೀಬಹುದಿತ್ತು."

ಆ ಕಂಪನಿ ಟೈಪ್‌ರೈಟರ್ ಮಾಡುವುದನ್ನೇ ಆಮೇಲೆ ನಿಲ್ಲಿಸಿತಂತೆ. ಮಾರಿಸಿದ್ದು ಸರಿಯೇ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನಂಬರೇ ಬೇಕಿಲ್ಲದ ಮನುಷ್ಯ ಅಷ್ಟು ಜನರ ನಡುವೆ ನನ್ನ ಬಾಗಿಲಿಗೆ ಬಂದಿದ್ದರು. ಇಡ್ಲಿ ಒಂದು ಗಳಿಗೆ ಕಾದಿದ್ದರೆ ಏನೂ ಆಗುತ್ತಿರಲಿಲ್ಲ. "ಕೂತ್ಕೊಳ್ಳಿ ಮೇಷ್ಟ್ರೇ" ಎನ್ನಬಹುದಿತ್ತು. ಅನ್ನಲಿಲ್ಲ.