ಕಡೆಯ ಹಾಡು ಗಂಡ ಹೆಂಡಿರಿಗೆ

ಲಯವಿಲ್ಲದ ಬದುಕು ಬದುಕೇ ಅಲ್ಲ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ನಮ್ಮ ಗಂಡಸರು ತಮ್ಮ ಮದುವೆಯ ದಿಬ್ಬಣದಲ್ಲೂ ವಾದ್ಯಕ್ಕೆ ಹೆಜ್ಜೆ ತಪ್ಪಿಯೇ ನಡೆದವರು.

ದೆಹಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ನಾವು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಕೊಡಗಿನ ನಿವೃತ್ತ ಕರ್ನಲ್ ಒಬ್ಬರು ಪತ್ನಿಯ ಜೊತೆಗೂಡಿ, ಭಾನುವಾರ ಮಧ್ಯಾಹ್ನ ಕಾಲನಿಯ ಸಮುದಾಯ ಭವನದಲ್ಲಿ ಜೋಡಿ ನೃತ್ಯ ಶುರುಮಾಡಿದರು. ಕುಣಿತ ಗೊತ್ತಿದ್ದವರೂ ಬನ್ನಿ, ಗೊತ್ತಿಲ್ಲದವರೂ ಬನ್ನಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ನನ್ನ ಹೆಂಡತಿ ಎರಡನೆಯ ವರ್ಗದಲ್ಲಿ ಸೇರಿ ದೀಪಾವಳಿಯ ಹೊತ್ತಿಗೆ ಮೊದಲನೆಯದಕ್ಕೆ ಬಡ್ತಿ ಪಡೆದಳು. ನಾನು ಚೀಟಿಯಲ್ಲಿ ನಮೂದಿಸದ ಮೂರನೆಯ ವರ್ಗದವನು. ಎಂದೆಂದಿಗೂ ಗೊತ್ತಾಗುವುದಿಲ್ಲ ಎಂದು ಗೊತ್ತಿದ್ದವನು.

"ರೀ, ಒಂದ್ಸಲ ಬನ್ನಿ. ಯಾರೂ ನಗಲ್ಲ."

"ನಗದೇ ಇದ್ರೆ ಅವರಿಗೆ ಕಣ್ಣು ಕಾಣಲ್ಲ ಅಂತ ಲೆಕ್ಕ."

ಒಂದು ಭಾನುವಾರ ಅವಳನ್ನು ಕರೆತರಲು ಸ್ಕೂಟರಿನಲ್ಲಿ ಸ್ವಲ್ಪ ಬೇಗ ಹೋದೆ. ಒಳಗೆ ಕಡೆಯ ಹಾಡು. ಉಳಿದ ಹಾಡುಗಳಿಗೆ ಯಾರು ಯಾರೊಂದಿಗೆ ಬೇಕಾದರೂ ಕುಣಿಯಬಹುದು, ಕಡೆಯದು ಮಾತ್ರ ಗಂಡ ಹೆಂಡಿರಿಗೆ ಎಂಬುದು ಕರ್ನಲ್ ಅವರ ಕಟ್ಟಳೆ. ಜೋಡಿಗಳು ಸುತ್ತುತ್ತಿದ್ದವು. ನನ್ನವಳು ಗೋಡೆಯ ಪಕ್ಕದ ಕುರ್ಚಿಯಲ್ಲಿ, ಒಂಬತ್ತು ಹೆಂಗಸರ ಕೈಚೀಲಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಪಾದದಲ್ಲೇ ತಾಳ ಹಾಕುತ್ತ ಕುಳಿತಿದ್ದಳು. ಮುಖದಲ್ಲಿ ಬೇಸರವೂ ಇರಲಿಲ್ಲ. ಅದನ್ನು ಮಾತ್ರ ನನ್ನಿಂದ ನೋಡಲಾಗಲಿಲ್ಲ.

ಕಲಿಯುವುದೆಂದು ತೀರ್ಮಾನಿಸಿದೆ, ಆದರೆ ಗುಟ್ಟಾಗಿ. ಮುಂದಿನ ಭಾನುವಾರಗಳಲ್ಲಿ ಭವನದ ಪಕ್ಕದ ಕಿಟಕಿಗೆ ಮುಖವಿಟ್ಟು ನಿಂತೆ. ಪತ್ನಿಯೊಂದಿಗೆ ಹೆಜ್ಜೆ ತೋರಿಸಿಕೊಡುತ್ತಿದ್ದ ಕರ್ನಲ್ ಅವರನ್ನು ಒಂದು ಕಂಬ ಮರೆಮಾಡುತ್ತಿತ್ತು. ಚೂಡಿದಾರ ತೊಟ್ಟ ಅವರ ಪತ್ನಿಯ ಪಾದಗಳು ಮಾತ್ರ ಸ್ಪಷ್ಟವಾಗಿದ್ದವು. ಕಚೇರಿಯ ಶಿಸ್ತಿನಲ್ಲಿ ಬರೆದುಕೊಂಡೆ: ಬಲಗಾಲು ಹಿಂದಕ್ಕೆ, ಎಡಗಾಲು ಬದಿಗೆ, ಬಲಗಾಲನ್ನು ಸೇರಿಸತಕ್ಕದ್ದು. ಸಂಜೆ ಹೆಂಡತಿ ತರಕಾರಿಗೆ ಹೋದಾಗ ಹಿಂದಿನ ವರಾಂಡದಲ್ಲಿ ದಿಂಬು ಹಿಡಿದು ಅಭ್ಯಾಸ. ಕಾಲೇಜಿಗೆ ಹೋಗುವ ಮಗಳ ಕಣ್ಣಿಗೆ ಬಿದ್ದೆ.

"ಅಪ್ಪಾ, ಯೇ ಕ್ಯಾ ಚಲ್ ರಹಾ ಹೈ? ದಿಂಬಿಗೆ ಯಾಕೆ ಹಗ್ ಮಾಡ್ತಿದೀರಾ?"

"ಬೆನ್ನುನೋವಿಗೆ. ಡಾಕ್ಟ್ರು ಹೇಳಿದಾರೆ."

"ಅಚ್ಛಾ! ಒನ್ ಟೂ ಥ್ರೀ ಅನ್ನೋಕೂ ಅವರೇ ಹೇಳಿದ್ರಾ?"

ನಾಲ್ಕು ವಾರಗಳ ಬಳಿಕ, ಪಾಲಿಶ್ ಮಾಡಿದ ಬೂಟು ಮತ್ತು ಟೈ ಸಮೇತ, ಕಡೆಯ ಹಾಡಿನ ಹೊತ್ತಿಗೆ ಒಳಗೆ ಕಾಲಿಟ್ಟೆ.

"ಓಹೋ, ಸರ್ಕಾರ ಕೊನೆಗೂ ಬಂತು!" ಎಂದರು ಕರ್ನಲ್. "ಚಲೋ ಚಲೋ, ಜಾಗ ಬಿಡಿ!"

ಹೆಂಡತಿ ಕೈಚೀಲಗಳನ್ನು ಕುರ್ಚಿಯ ಮೇಲಿಟ್ಟು ಎದ್ದು ಬಂದಳು. ಅವಳ ಅಂಗೈ ಬೆವರಿತ್ತು. ಮೊದಲ ತಾಳಕ್ಕೆ ನಾನು ಗಂಭೀರವಾಗಿ ಬಲಗಾಲನ್ನು ಹಿಂದಕ್ಕಿಟ್ಟೆ. ಅವಳೂ ಬಲಗಾಲನ್ನು ಹಿಂದಕ್ಕಿಟ್ಟಳು. ತೋಳು ಚಾಚಿ ನಿಂತ ನಮ್ಮ ನಡುವೆ ಒಂದು ಮಂಚ ಹಾಕುವಷ್ಟು ಜಾಗವಾಯಿತು. ಮತ್ತೆ ಶುರುಮಾಡಿದೆವು, ಮತ್ತೆ ಅದೇ.

"ರೀ, ಹಿಂದೆ ಹೋಗೋದು ನಾನು. ನೀವು ಮುಂದೆ ಬರ್ಬೇಕು."

"ಬರೆದುಕೊಂಡಿದ್ದರಲ್ಲಿ ಹಾಗಿಲ್ಲ," ಎಂದು ಜೇಬಿನ ಕಾಗದವನ್ನು ಸಾಕ್ಷಿಗೆ ತೆಗೆದೆ. ಕರ್ನಲ್ ಪತ್ನಿ ಅದನ್ನು ಓದಿ, ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕುಳಿತರು.

"ಅಯ್ಯೋ, ಇದು ನನ್ನ ಕಾಲು ಕಣ್ರೀ! ನೀವು ಹೆಂಗಸರ ಹೆಜ್ಜೆ ಕಲ್ತಿದ್ದೀರ!"

ಇಡೀ ಭವನ ನಕ್ಕಿತು. ನಾನು ಬಾಗಿಲ ಕಡೆ ನೋಡಿದೆ. ಹೆಂಡತಿ ನನ್ನ ತೋಳನ್ನು ಬಿಡಲಿಲ್ಲ. ಅವಳೂ ಕಣ್ಣೀರು ಬರುವಷ್ಟು ನಗುತ್ತಿದ್ದಳು.

"ಎಲ್ಲಿಗೆ ಹೊರಟ್ರಿ? ಇಲ್ಲಿ ಗಂಡಸರು ಕಮ್ಮಿ ಅಂತ ಎಷ್ಟೋ ಸಲ ನಾನೇ ಗಂಡಸಾಗಿ ಕುಣಿದಿದೀನಿ. ನಿಮಗೆ ಬಂದಿದ್ದೇ ಸಾಕು. ನಡೀರಿ ಹಿಂದಕ್ಕೆ!"

ಕರ್ನಲ್ ಹಾಡನ್ನು ಮೊದಲಿಂದ ಹಾಕಿದರು. ಅವಳು ಮುಂದೆ ಬಂದಳು, ನಾನು ಹಿಂದೆ ಸರಿದೆ. ಎರಡನೆಯ ಸುತ್ತಿಗೆ ಕಾಲುಗಳು ತಾವಾಗಿಯೇ ನಡೆದವು. ಮೂರನೆಯದಕ್ಕೆ ನಾನು ಎಣಿಸುವುದನ್ನೂ ಮರೆತೆ. ಒಂದು ಕುರ್ಚಿ ಉರುಳಿತು, ಯಾರೂ ಎತ್ತಲು ನಿಲ್ಲಲಿಲ್ಲ.

ನನಗೆ ವರ್ಗವಾಗುವವರೆಗಿನ ಎರಡು ವರ್ಷ, ಕಡೆಯ ಹಾಡಿಗೆ ನಾವು ಹಾಗೆಯೇ ಕುಣಿದೆವು. ಗಂಡಸರ ಹೆಜ್ಜೆಯನ್ನು ನಾನು ಕಲಿಯಲಿಲ್ಲ.