ಕಸಿ ಕಟ್ಟಿದವನು ಯಾರು

1984ರಲ್ಲಿ ಏಳನೇ ಕ್ಲಾಸಿಗೆ ಓದು ನಿಲ್ಲಿಸಿ ಮಾವಿನ ಕಸಿ ಕಟ್ಟಲು ಕೂತವನು ನಾನು. ಮೊನ್ನೆ ಚಿತ್ತೂರಿಗೆ ಸಸಿ ಸಾಗಿಸುವಾಗ ನಂಗಲಿಯ ಟೀ ಅಂಗಡಿಯಲ್ಲಿ ಹಳೆಯ ಜೊತೆಗಾರ ಮುನಿವೆಂಕಟಪ್ಪ ಸಿಕ್ಕ. ನಾವಿಬ್ಬರೂ ಕಸಿ ಕಟ್ಟಿದ ಶ್ರೀನಿವಾಸಪುರದ ತೋಟ ಯಾರ ಕೈಗುಣದಿಂದ ಎದ್ದಿತೆಂದು ಜಗಳವಾಡಿ ಆರು ವರ್ಷದಿಂದ ಮಾತು ಬಿಟ್ಟಿದ್ದೆವು. ಅವನ ಫೋನಿನಲ್ಲಿ ಈಗಿನ ಕಾಲದ ಒಬ್ಬ ಅದ್ವೈತದ ಗುರು ಹೇಳುತ್ತಿದ್ದರು: ಮಾಡುವವನು ಎಂಬುವನು ಒಳಗೆ ಯಾರೂ ಇಲ್ಲ, ಕೆಲಸ ತಾನಾಗಿ ನಡೆಯುತ್ತದೆ.

“ಏಮ್ರಾ, ಕೇಳಿದ್ಯಾ?” ಅಂದ ಮುನಿವೆಂಕಟಪ್ಪ.

“ಕೇಳ್ದೆ. ನಿಮ್ಮ ಗುರುಗಳು ಒಂದಿನ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಇನ್ನೂರು ಕಸಿ ಕಟ್ಲಿ. ನೋಯೋ ಸೊಂಟ ಯಾರ್ದು ಅಂತ ಆಗ ಗೊತ್ತಾಗುತ್ತೆ.”

ಅವನು ಟೀ ಚೆಲ್ಲುವಷ್ಟು ನಕ್ಕ. “ಸರಿ ಕಣೋ. ಗುರುತಿಗೆ ಅಂತ ನೀನು ಬಿಳಿ ದಾರ ಕಟ್ತಿದ್ದೆ, ನಾನು ಕೆಂಪು. ಚಿಗುರಿದ ಮೇಲೆ ಎಲ್ಲಾ ಬಿಚ್ಚಿಬಿಟ್ವಲ್ಲ. ಈಗ ಹೋಗಿ ನಿನ್ನ ಮರ ಯಾವ್ದು ತೋರ್ಸು ನೋಡೋಣ.”

ನನಗೆ ನೆನಪಾದದ್ದು ಆ ತೋಟದ ಮಧ್ಯಾಹ್ನಗಳು: ಇಬ್ಬರಿಗೂ ಒಂದೇ ಚಾಕು, ಒಂದೇ ಬುತ್ತಿಯ ರಾಗಿಮುದ್ದೆ, ಅವನ ಒಡಕು ದನಿಯ ತೆಲುಗು ಹಾಡುಗಳು.

ದುಡಿದವನ ಬೆವರನ್ನು ಆ ಗುರುಗಳ ಮಾತು ಕಾಣುವುದಿಲ್ಲವೆಂದು ಈಗಲೂ ಹೇಳುತ್ತೇನೆ. ಆದರೆ ನಮ್ಮ ಹಟ ಬಿಡಿಸಿದ್ದೂ ಆ ಮಾತೇ.

“ಯಾವ ಮರ ಯಾರ್ದೋ, ನಂಗೂ ಗೊತ್ತಿಲ್ಲ ಬಿಡು,” ಅಂದೆ. ಅವನು ಫೋನ್ ಆರಿಸಿ, ಕೇಳದೆಯೇ ನನ್ನ ಟೆಂಪೊ ಹತ್ತಿ ಕೂತ.

ನನಗೀಗ ಒಂದೂವರೆ ಎಕರೆ ನರ್ಸರಿ, ಒಂದು ಟೆಂಪೊ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಜೊತೆಗಾರ.