ಬೂದಿ ಹಾರದಂತೆ ಊದುವುದು

ಆಗಿನ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಮೂಲೆಗಳಿಗೆ ನೆಟ್ಟ ಕಲ್ಲುಗಳೇ ಹೆಚ್ಚಿದ್ದವು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಬೀದಿಯಲ್ಲಿ ಆರೇ ಮನೆ. ಉಳಿದದ್ದೆಲ್ಲ ಲಂಟಾನದ ಪೊದೆ, ಅದರಾಚೆ ರಾಗಿ ಹೊಲ. ನಾವು ಹುಡುಗಿಯರು ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದದ್ದು ರಸ್ತೆಯ ನಟ್ಟನಡುವೆ. ಎತ್ತಿನಗಾಡಿ ಬಂದರೆ ಗಾಡಿಯವನೇ ಪಕ್ಕಕ್ಕೆ ಹೊಡೆದುಕೊಂಡು ಹೋಗುತ್ತಿದ್ದ. ಚಳಿ ಬಿದ್ದಿತೆಂದರೆ ಸುದ್ದಗುಂಟೆಪಾಳ್ಯದ ಕಡೆಯಿಂದ ಮಂಕರಿಗಟ್ಟಲೆ ಅವರೆಕಾಯಿ ಬರುತ್ತಿತ್ತು. ಆ ಸೊಗಡು ಕೈಗೆ ಅಂಟಿದರೆ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಹೋಗಲಿ ಎಂಬ ಆಸೆ ನಮಗಾದರೂ ಎಲ್ಲಿತ್ತು? ಈ ಕಥೆ ಅಂಥದೊಂದು ಅವರೆಕಾಯಿ ಕಾಲದ್ದು. ನನಗೆ ಹತ್ತು ವರ್ಷ.

ಆ ವರ್ಷ ಅಮ್ಮ ಹೆರಿಗೆಗೆಂದು ತಿಪಟೂರಿನ ತವರಿಗೆ ಹೋಗಿದ್ದಳು. ಮನೆಯಲ್ಲಿ ಇದ್ದವರು ಸರ್ಕಾರಿ ಕಚೇರಿಯ ಗುಮಾಸ್ತರಾದ ಅಪ್ಪ, ಅಪ್ಪನ ತಾಯಿಯಾದ ನಮ್ಮಜ್ಜಿ, ಅಡುಗೆಮನೆ ನೋಡಿಕೊಳ್ಳಲು ಊರಿಂದ ಬಂದಿದ್ದ ಅಪ್ಪನ ತಂಗಿ ಗಂಗತ್ತೆ. ಮನೆ ಬಾಡಿಗೆಯದು. ಅದರ ಯಜಮಾನರು ಪಕ್ಕದ ಮನೆಯ ಮುನಿವೆಂಕಟಪ್ಪನವರು. ನಾವು ಕುಂಟುತ್ತಿದ್ದ ಆ ರಸ್ತೆಯೂ ಒಂದು ಕಾಲಕ್ಕೆ ಅವರ ಹೊಲವೇ. ಲೇಔಟಿಗೆ ಹೋಗಿ ಉಳಿದಿದ್ದ ತುಂಡು ನೆಲದಲ್ಲಿ ಬದನೆ, ಅವರೆ ಬೆಳೆದುಕೊಂಡು, ಬಾಡಿಗೆಯವರ ಮಕ್ಕಳನ್ನು ಗದರಿಸಿಕೊಂಡು ಇದ್ದರು. ಬೀದಿಗೆಲ್ಲ ಇದ್ದ ಒಂದೇ ಒಂದು ರೇಡಿಯೋ ಅವರದು. ಹಜಾರದ ಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅದರ ಕಿವಿ ತಿರುಗಿಸುವ ಅಧಿಕಾರ ಅವರ ಹೆಂಡತಿ ಅಕ್ಕಯ್ಯಮ್ಮನವರಿಗೂ ಇರಲಿಲ್ಲ. ನನ್ನನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು, "ಏನಂದ ಮಗಾ ಅವನು? ಮಳೆ ಅಂದ್ನಾ, ಬೆಲೆ ಅಂದ್ನಾ?" ಎಂದು ಕೇಳುತ್ತಿದ್ದರು. ಅವರ ಒಂದು ಕಿವಿ ಸ್ವಲ್ಪ ಮಂದ.

ಇನ್ನು ನನ್ನ ವಿಷಯ. ನನಗೊಂದು ದೊಡ್ಡ ಕಾಯಿಲೆ ಇತ್ತು. ಹೆದರಿಕೆಯಾದರೆ ಬಿಕ್ಕಳಿಕೆ. ಬೇರೆ ಮಕ್ಕಳಿಗೆ ಕೈ ನಡುಗಬಹುದು, ಅಳು ಬರಬಹುದು. ನನಗೆ ಮೊದಲು ಎದೆ ಡವಡವ, ಆಮೇಲೆ ಉಸಿರು ಎಲ್ಲೋ ಗಂಟಲ ಹತ್ತಿರ ಸಿಕ್ಕಿಕೊಂಡು 'ಹಿಕ್'. ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಹೇಳಲು ನಿಲ್ಲಿಸಿದ್ದರು. "ಮಾನ್ಯ ಅಧ್ಯ-ಹಿಕ್-ಕ್ಷರೇ" ಎಂದದ್ದೇ ತಡ, ಅಧ್ಯಕ್ಷರೇ ಮೊದಲು ನಕ್ಕರು. ಅಂದಿನಿಂದ ನಾನು ಇಡೀ ಶಾಲೆಗೆ ಬಿಕ್ಕಮ್ಮ. ಗಿರಿಜೆ ಎಂಬ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳುತ್ತಿತ್ತು.

ಅಜ್ಜಿಗೆ ಅದು ಕಾಯಿಲೆಯೇ ಅಲ್ಲ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದೇ ಲೆಕ್ಕ. ನನ್ನನ್ನು ಎದುರಿಗೆ ಕೂರಿಸಿಕೊಂಡು ಹೆಸರು ಹೇಳಿಸುತ್ತಿದ್ದಳು. ಸರಿಯಾದ ಹೆಸರು ಬಾಯಿಗೆ ಬಂದ ಕೂಡಲೇ ನಿಲ್ಲುತ್ತದಂತೆ.

"ನಿಮ್ಮಮ್ಮನ ಹೆಸರು ಹೇಳು."

"ಅಮ್ಮ. ಹಿಕ್."

"ತಿಪಟೂರಿನ ಮಾವನ್ನ ಹೇಳು."

"ಶಿವಣ್ಣ ಮಾವ. ಹಿಕ್."

"ಶಿವಾ ಶಿವಾ, ಎಷ್ಟು ಜನ ನೆನೆಸ್ಕೊತಾರಪ್ಪಾ ಈ ಕೂಸನ್ನ!" ಎಂದು ಅವಳಿಗೆ ಹೆಮ್ಮೆ ಬೇರೆ.

ಹೀಗಿರುವಾಗ ಸರೋಜಮ್ಮ ಟೀಚರ್ ನಮ್ಮ ತರಗತಿಯವರಿಗೆಲ್ಲ 'ನಮ್ಮ ಬೀದಿ' ಎಂದು ಬರೆಯಲು ಹೇಳಿದರು. ನಾನು ಮುನಿವೆಂಕಟಪ್ಪನವರ ಬದನೆ ಗಿಡದಿಂದ ಹಿಡಿದು ಬೀದಿಯ ಆರೂ ಮನೆಯ ಬೆಕ್ಕುಗಳವರೆಗೆ ಬರೆದೆ. ಟೀಚರಿಗೆ ಅದು ಎಷ್ಟು ಹಿಡಿಸಿತೆಂದರೆ, ಭಾನುವಾರ ರೇಡಿಯೋದಲ್ಲಿ ಬರುವ ಮಕ್ಕಳ ಕಾರ್ಯಕ್ರಮಕ್ಕೆ ಅದನ್ನೇ ಆರಿಸಿದರು. ಆಗೆಲ್ಲ ಮಕ್ಕಳು ಮಾತಾಡುತ್ತಿದ್ದ ಹಾಗೆಯೇ ಊರಿಗೆಲ್ಲ ಕೇಳುತ್ತಿತ್ತು. ತಪ್ಪಿದರೆ ತಿದ್ದುವಂತಿಲ್ಲ.

ಟೀಚರ್ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು, "ಬರೆದೋಳು ನೀನು, ನೀನೇ ಓದ್ಬೇಕು ಅಂತ ನಂಗೂ ಆಸೆ ಕಣೇ. ಶನಿವಾರ ಎಲ್ರ ಮುಂದೆ ಒಂದ್ಸಲ ಓದಿಸ್ತೀನಿ. ಬಿಕ್ಕಳಿಕೆ ಬಂದ್ರೆ ಮಾತ್ರ ಸುಶೀಲಾ ಓದ್ಲಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಸುಶೀಲೆ ನಮ್ಮ ಬೀದಿಯನ್ನು ಕಣ್ಣಿಂದಲೂ ನೋಡಿದವಳಲ್ಲ. ಅವಳ ಮನೆ ಹನುಮಂತನಗರದಾಚೆ ಶ್ರೀನಗರದಲ್ಲಿ. ನನ್ನ ಬೆಕ್ಕುಗಳನ್ನು ಅವಳು ಓದುವುದೆಂದರೆ ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಆ ಬೆಂಕಿಗೂ ಬಿಕ್ಕಳಿಕೆಯೇ ಬಂತು. ಸಂಜೆ ಮನೆಗೆ ಬಂದವಳೇ ಅಡುಗೆಮನೆಯ ಮೂಲೆ ಸೇರಿ ಬಿಕ್ಕುತ್ತಾ ಅಳತೊಡಗಿದೆ.

ಗಂಗತ್ತೆ ಅಂಥ ಮುದ್ದು ಮಾಡುವ ಹೆಂಗಸಲ್ಲ. ಒಲೆಯಲ್ಲಿ ಹಸಿ ಸರ್ವೆ ಸೌದೆ ಹೊಗೆಯಾಡುತ್ತಿತ್ತು. ಅವಳ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ನನ್ನ ಕಥೆಯನ್ನೆಲ್ಲ ಕೇಳಿ ಊದುಗೊಳವೆಯನ್ನು ನನ್ನ ಕೈಗಿಟ್ಟಳು.

"ಅಳೋದು ಆಮೇಲೆ. ಈ ಒಲೆ ಊದು."

ನಾನು ಕೆನ್ನೆ ಉಬ್ಬಿಸಿ 'ಫೂ' ಎಂದು ಊದಿದೆ. ಒಲೆಯ ಬೂದಿಯೆಲ್ಲ ಎದ್ದು ಅತ್ತೆಯ ತಲೆಯ ಮೇಲೆ, ನನ್ನ ಮುಖದ ಮೇಲೆ, ಕುದಿಯುತ್ತಿದ್ದ ಅವರೆಕಾಳು ಹುಳಿಯ ಮೇಲೆ ಕೂತಿತು.

"ಅಯ್ಯೋ ನಿನ್ನ! ಒಲೆ ಊದು ಅಂದ್ರೆ ಮನೆ ಹಾರಿಸ್ತೀಯಲ್ಲೇ! ಹಿಂಗೆ ಬಾ. ಮೊದ್ಲು ಮೂಗಲ್ಲಿ ನಿಧಾನಕ್ಕೆ ಉಸಿರು ಎಳ್ಕೋ. ಭುಜ ಎತ್ಬೇಡ, ಹೊಟ್ಟೆ ತುಂಬ್ಲಿ. ಹೂಂ. ಈಗ ಬಿಡು. ಎಳ್ಕೊಂಡಿದ್ದಕ್ಕಿಂತ ನಿಧಾನಕ್ಕೆ ಬಿಡ್ಬೇಕು. ಕೆಂಡ ಕೆಂಪಾಗ್ಬೇಕು, ಬೂದಿ ಹಾರಬಾರ್ದು. ಅಷ್ಟೇ ವಿದ್ಯೆ."

ಅಷ್ಟೇ ವಿದ್ಯೆ ಕಲಿಯಲು ನನಗೆ ಆ ವಾರವೆಲ್ಲ ಬೇಕಾಯಿತು. ಹುಳಿಯಲ್ಲಿ ಬೂದಿ ತಿಂದು ತಿಂದು ಅಪ್ಪ, "ಗಂಗಾ, ಇದೇನು ಹೊಸ ಮಸಾಲೆ?" ಎಂದು ಕೇಳಿದರು. ಅತ್ತೆ ನನ್ನನ್ನು ಬಿಟ್ಟುಕೊಡಲಿಲ್ಲ. ನಿಧಾನವಾಗಿ ನನಗೆ ಅದರ ಹದ ಸಿಕ್ಕಿತು. ಊದಿದಾಗ ಕೆಂಡದ ಅಂಚು ಮೆಲ್ಲಗೆ ಕೆಂಪೇರಿ, ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮಂಕಾಗಿ, ಮತ್ತೆ ಕೆಂಪೇರುತ್ತಿತ್ತು. ಅದನ್ನು ನೋಡುತ್ತಾ ಕೂತರೆ ಸುಶೀಲೆಯೂ ಮರೆತುಹೋಗುತ್ತಿದ್ದಳು, ಶನಿವಾರವೂ ಮರೆತುಹೋಗುತ್ತಿತ್ತು. ಎದೆಯ ಡವಡವ ಯಾವಾಗ ನಿಂತಿತೆಂದೇ ತಿಳಿಯುತ್ತಿರಲಿಲ್ಲ.

"ಇದು ನಿಂಗೆ ಯಾರು ಹೇಳ್ಕೊಟ್ರತ್ತೆ?"

"ಯಾರು ಹೇಳ್ಕೊಡ್ತಾರೆ? ಮದುವೆ ಆದ ಹೊಸದ್ರಲ್ಲಿ ನಂಗೂ ಗಾಬರಿ ಕಣೇ. ಆ ಮನೆ ತುಂಬ ಜನ. ಯಾರು ಕೂಗಿದ್ರೂ ಎದೆ ಹೊಡ್ಕೊಳ್ಳೋದು. ಒಲೆ ಮುಂದೆ ಕೂತು ಊದ್ತಿದ್ರೆ ಸರಿಹೋಗೋದು. ಒಲೆ ಊದೋಳನ್ನ ಯಾರೂ ಮಾತಾಡ್ಸಲ್ಲ ನೋಡು," ಎಂದು ಅತ್ತೆ ನಕ್ಕಳು. ಅವಳು ನಕ್ಕದ್ದರಿಂದ ನಾನೂ ನಕ್ಕೆ.

ಶುಕ್ರವಾರ ಅತ್ತೆ ಊದುಗೊಳವೆಯನ್ನು ಕಿತ್ತಿಟ್ಟುಕೊಂಡಳು. "ರೇಡಿಯೋದೋರ ಹತ್ರ ಒಲೆ ಇರತ್ತಾ? ಬಾಯಲ್ಲಿ ಕೊಳವೆ ಇದೆ ಅಂದ್ಕೊಂಡು ಊದು." ತುಟಿಯನ್ನು ಚೂರೇ ತೆರೆದು, ಇಲ್ಲದ ಕೊಳವೆಯಲ್ಲಿ ಇಲ್ಲದ ಕೆಂಡಕ್ಕೆ ಊದಿದೆ. ಶನಿವಾರ ಟೀಚರ್ ಎದುರು ನಿಂತಾಗ ಗಂಟಲಲ್ಲಿ ಏನೋ ಮೇಲೆದ್ದಿತು. ಊದಿದೆ. ಇಳಿಯಿತು. ಕೊನೆಯವರೆಗೂ ಓದಿದೆ. ಸುಶೀಲೆಯೇ ಮೊದಲು ಚಪ್ಪಾಳೆ ತಟ್ಟಿದಳು. ಪಾಪ, ಒಳ್ಳೆಯ ಹುಡುಗಿ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅಜ್ಜಿಗೆ ಹೊಸ ಚಿಂತೆ ಹತ್ತಿಕೊಂಡಿತು. ಭಾನುವಾರ ಇಡೀ ಬೀದಿ ರೇಡಿಯೋ ಮುಂದೆ ಕೂರುತ್ತದೆ. ಕೂತವರೆಲ್ಲ ನನ್ನನ್ನೇ ನೆನೆಸಿಕೊಳ್ಳುತ್ತಾರೆ. ಅಷ್ಟು ಜನ ಒಟ್ಟಿಗೆ ನೆನೆಸಿಕೊಂಡರೆ ಕೂಸಿನ ಗತಿ ಏನು? ಶನಿವಾರ ಸಂಜೆ ಸೆರಗು ಬಿಗಿದುಕೊಂಡು ಮನೆಮನೆಗೆ ಹೊರಟಳು. ನಾನೂ ಅವಳ ಹಿಂದೆ.

"ನೋಡ್ರವ್ವಾ, ನಾಳೆ ನಮ್ಮ ಗಿರಿಜಾ ಮಾತಾಡಿ ಮುಗಿಸೋ ತನಕ ಯಾರೂ ಅವಳನ್ನ ನೆನೆಸ್ಕೊಬಾರ್ದು. ನಿಮ್ಮ ಕಾಲಿಗೆ ಬೀಳ್ತೀನಿ."

ಅಕ್ಕಯ್ಯಮ್ಮ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದವರು ಬಾಯಿ ಬಿಟ್ಟುಕೊಂಡು ನೋಡಿದರು. "ಅದೆಂಗವ್ವಾ ಆಯ್ತದೆ? ನೆನೆಸ್ಕೊಬೇಡಿ ಅಂದ್ರೇನೇ ನೆಪ್ಪಾಗೋದು. ಮಗೀನ ದನಿ ಕಿವೀಗೆ ಬೀಳ್ತಿದ್ರೆ ಮಗೀನ್ನ ಬುಟ್ಟು ಇನ್ಯಾರನ್ನ ನೆನೆಸ್ಕೊಳ್ಳಾನ?"

ಅಜ್ಜಿ ಅದಕ್ಕೂ ದಾರಿ ಹುಡುಕಿಟ್ಟಿದ್ದಳು. "ನನ್ನ ಸೊಸೇನ ನೆನೆಸ್ಕೊಳ್ಳಿ. ತಿಪಟೂರಲ್ಲಿ ಆರಾಮಾಗಿ ಮಲಗಿರ್ತಾಳೆ. ಅವಳಿಗೆ ಬಿಕ್ಕಿದ್ರೆ ಏನೂ ಹೋಗಲ್ಲ."

ಮುನಿವೆಂಕಟಪ್ಪನವರು ಜಗಲಿಯ ಕಂಬಕ್ಕೊರಗಿ ಬೀಡಿ ಸೇದುತ್ತಿದ್ದರು. ಕಿವಿ ಮಂದವಾದ್ದರಿಂದ ಅಜ್ಜಿಯ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಗೆ "ಹೂಂ" ಎಂದರು ಅಷ್ಟೇ.

ಭಾನುವಾರ ಅಪ್ಪನ ಜೊತೆ ಬಸ್ಸಿನಲ್ಲಿ ಹೋದೆ. ರೇಡಿಯೋದವರ ಕೋಣೆಯ ಗೋಡೆಗೆಲ್ಲ ತೂತು ತೂತಿನ ಹಲಗೆ. ಬಾಗಿಲು ಮುಚ್ಚಿದ ಕೂಡಲೇ ಎಂಥ ಮೌನವೆಂದರೆ, ಬೆಳಿಗ್ಗೆ ತಿಂದ ಅವರೆಕಾಳು ಉಪ್ಪಿಟ್ಟು ಹೊಟ್ಟೆಯಲ್ಲಿ ಸರಿದಾಡುವುದು ನನಗೇ ಕೇಳುತ್ತಿತ್ತು. ಕಾರ್ಯಕ್ರಮ ನಡೆಸುವವರನ್ನು ಮಕ್ಕಳೆಲ್ಲ ಅಕ್ಕ ಎನ್ನುತ್ತಿದ್ದರು. ಅವರು ಬೆರಳನ್ನು ತುಟಿಯ ಮೇಲಿಟ್ಟರು. ಕೆಂಪು ದೀಪ ಹತ್ತಿತು. ನನಗಿಂತ ಮೊದಲು ಒಬ್ಬ ಹುಡುಗ ಹಾಡುತ್ತಿದ್ದ. ಆಗ ಬಂತು, 'ಹಿಕ್'. ಅಕ್ಕ ತಿರುಗಿ ನೋಡಿದರು. ಇನ್ನೊಂದು 'ಹಿಕ್'. ಬೀದಿಯವರು ಕೈಕೊಟ್ಟರಲ್ಲಾ ಎಂದು ಅಳು ಬಂದುಬಿಟ್ಟಿತು.

ಹುಡುಗನ ಹಾಡಿನಲ್ಲಿ ಇನ್ನೂ ಒಂದು ನುಡಿ ಉಳಿದಿತ್ತು. ನಾನು ಕಣ್ಣನ್ನು ಆ ಕೆಂಪು ದೀಪದ ಮೇಲೆ ನೆಟ್ಟೆ. ಅದೇ ಕೆಂಡ ಎಂದುಕೊಂಡೆ. ಭುಜ ಎತ್ತಲಿಲ್ಲ. ಮೂಗಿನಲ್ಲಿ ಎಳೆದುಕೊಂಡು, ತುಟಿಯ ಸಂದಿಯಿಂದ ಬಿಟ್ಟೆ. ಮತ್ತೆ ಎಳೆದುಕೊಂಡೆ. ಮತ್ತೆ ಬಿಟ್ಟೆ. ಹುಡುಗನ ಹಾಡು ಮುಗಿಯುವ ಹೊತ್ತಿಗೆ ನನ್ನೊಳಗೆ ಎಲ್ಲ ತಣ್ಣಗಾಗಿತ್ತು. ಅಕ್ಕ ಬೆರಳು ತೋರಿಸಿದರು. ಓದಿದೆ. ಬದನೆ ಗಿಡ, ಗಾಡಿಯವನು, ಬೆಕ್ಕುಗಳು, ಒಂದೂ ಬಿಡದೆ ಓದಿದೆ. ಮುಗಿದ ಖುಷಿಗೆ, ದೀಪ ಇನ್ನೂ ಆರಿಲ್ಲವೆಂಬುದೂ ಮರೆತು, ಮೈಕಿನ ಬಾಯಿಗೇ ಉದ್ದಕ್ಕೆ 'ಉಫ್‌ಫ್‌ಫ್' ಎಂದು ಊದಿಬಿಟ್ಟೆ.

ಮನೆಗೆ ಬಂದಾಗ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲಿದ್ದರು. ಅಕ್ಕಯ್ಯಮ್ಮ ನನ್ನ ಕೆನ್ನೆ ಹಿಂಡಿ, "ಕಡೇಗೆ ಅದೇನವ್ವಾ, ಗಾಳಿ ಮಳೆ ಬಂದಂಗಾಯ್ತು?" ಎಂದರು. ಗಂಗತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಹೋಗಿ ಅತ್ತುಬಿಟ್ಟಳು. ಹಿತಕಿದ ಬೇಳೆ ಸಾರು ಮಾಡಿದ್ದಳು. ಅಂದು ತಿಂದಷ್ಟು ಮುದ್ದೆಯನ್ನು ನಾನು ಮತ್ತೆಂದೂ ತಿಂದಿಲ್ಲ.

ಮುನಿವೆಂಕಟಪ್ಪನವರು ಮಾತ್ರ ಕಾಣಲಿಲ್ಲ. ಸಂಜೆ ಅವರ ಜಗಲಿಗೆ ಹೋಗಿ, "ತಾತಾ, ಕೇಳಿದ್ರಾ?" ಎಂದೆ. "ಚೆಂದಾಗಿತ್ತು ಮಗಾ," ಎಂದು ಬೀಡಿ ಹಚ್ಚಿಕೊಂಡರು. ಬೆಕ್ಕಿನ ವಿಷಯ ಹೇಗಿತ್ತು ಎಂದರೆ, "ಅದೂ ಚೆಂದಾಗಿತ್ತು" ಎಂದರು. ನನಗೆ ಅಷ್ಟು ಸಮಾಧಾನವಾಗಲಿಲ್ಲ. ಇನ್ನೂ ಹೊಗಳಬಹುದಿತ್ತು ಎನ್ನಿಸಿತು.

ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದಾಗ ಅಜ್ಜಿ ಮೊದಲು ಕೇಳಿದ್ದು, "ಆವತ್ತು ಭಾನುವಾರ ಬಿಕ್ಕಳಿಕೆ ಬಂತಾ?" ಅಮ್ಮ ಎಲ್ಲರ ಮುಖ ನೋಡಿ, "ಬಂತತ್ತೆ, ನೀರು ಕುಡಿದ್ರೂ ನಿಲ್ಲಲಿಲ್ಲ" ಎಂದಳು. ಅಜ್ಜಿ ಗಂಗತ್ತೆಯ ಕಡೆ ತಿರುಗಿ, "ನೋಡಿದ್ಯಾ? ನಿನ್ನ ಊದುಗೊಳವೆ ಅಂತೆ!" ಎಂದಳು. ಗೆದ್ದದ್ದು ಯಾರೆಂದು ಅವರಿಬ್ಬರೂ ಬದುಕಿರುವವರೆಗೆ ತೀರ್ಮಾನವಾಗಲಿಲ್ಲ. ಅಮ್ಮ ನಿಜ ಹೇಳಿದಳೋ, ಅಜ್ಜಿಯ ಮನಸ್ಸು ನೋಯಿಸಲಾರದೆ ಹೇಳಿದಳೋ, ನಾನು ಕೇಳಲಿಲ್ಲ.

ನಾನು ದೊಡ್ಡವಳಾಗಿ ಕಾಲೇಜಿನಲ್ಲಿ ಪಾಠ ಹೇಳಿದೆ. ಮೊದಲ ದಿನ ತರಗತಿಯ ಬಾಗಿಲಲ್ಲಿ, ಮಕ್ಕಳ ಹೆರಿಗೆಯಲ್ಲಿ, ಹೋದ ವರ್ಷ ಮಂಡಿಯ ಆಪರೇಷನ್ನಿಗೆ ಮಲಗಿಸಿದಾಗ, ಗಂಗತ್ತೆ ಹೇಳಿದ ಹಾಗೇ ಊದಿದ್ದೇನೆ. "ಯೋಗ ಕ್ಲಾಸಿಗೆ ಹೋಗ್ತೀರಾ ಆಂಟಿ?" ಎಂದು ನರ್ಸ್ ಹುಡುಗಿ ಕೇಳಿದಳು. ಉಸಿರಿನ ವಿಷಯದಲ್ಲಿ ನಾನು ಏನನ್ನೂ ಕಳೆದುಕೊಂಡಿಲ್ಲ.

ಕಳೆದುಕೊಂಡದ್ದು ಏನೆಂದು ಗೊತ್ತಾದದ್ದು ಬಹಳ ತಡವಾಗಿ. ನಾವು ಆ ಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಂದು ಮದುವೆಯಲ್ಲಿ ಅಕ್ಕಯ್ಯಮ್ಮ ಸಿಕ್ಕರು. ಹಲ್ಲೆಲ್ಲ ಹೋಗಿತ್ತು, ನನ್ನ ಗುರುತು ಹೋಗಿರಲಿಲ್ಲ. ಮುನಿವೆಂಕಟಪ್ಪನವರು ತೀರಿಕೊಂಡು ಎರಡು ವರ್ಷವಾಯಿತೆಂದರು. ಮಾತಿಗೆ ಮಾತು ಬಂದು ರೇಡಿಯೋದ ಭಾನುವಾರದ ಸುದ್ದಿ ತೆಗೆದರು.

"ನಮ್ಮ ಯಜಮಾನ್ರು ನಿನ್ನ ಮಾತ ಕೇಳ್ಳೇ ಇಲ್ಲ ಕಣವ್ವಾ. ರೇಡಿಯೋ ಹಾಕ್ಕೊಟ್ಟು, 'ನನ್ ಕೈಲಿ ಆ ಮಗೀನ ನೆನೆಸ್ಕೊಳ್ದೆ ಇರಾಕಾಗಲ್ಲ, ಕೇಳಿದ್ರೆ ಇನ್ನೂ ಆಗಲ್ಲ' ಅಂತ ಹೊಲದ ತುದೀಗೆ ಹೋಗಿ, ಮುಗಿಯೋಗಂಟ ಬದನೆ ಸಾಲಲ್ಲಿ ಕಳೆ ಕೀಳ್ತಾ ಕೂತಿದ್ರು. ನಿಂಗೆ ಹೇಳಬೇಡ ಅಂದಿದ್ರು."

ಅದಾದ ಮೇಲೆ ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ. ಅರ್ಧಕ್ಕೇ ಎದ್ದು ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ, ಬೇಸರವಿಲ್ಲ. ನನ್ನ ಮಾತು ತಡವರಿಸದಿರಲಿ ಎಂದು, ತಮ್ಮ ರೇಡಿಯೋವನ್ನೇ ಬಿಟ್ಟು ಎದ್ದು ಹೋದವರು ಅವರೊಬ್ಬರೇ. ಆ ಬೆಕ್ಕುಗಳ ವಿಷಯ ಅವರಿಗೆ ಒಮ್ಮೆ ಓದಿ ಹೇಳಬೇಕಿತ್ತು.